ಹಾಳುಬಿದ್ದ ಹಿತ್ತಲಿಗೆ ಮಕ್ಕಳು ಮತ್ತೆ ಇಳಿಯಲಿ

ಹೊಲದಲ್ಲಿ ಒಂದು ಕಳೆ ಕಂಡರೂ ಬಿಡದ ನಾವು, ಮನೆ ಹಿಂದಿನ ಹಿತ್ತಲನ್ನು ಮಾತ್ರ ಪಾರ್ಥೇನಿಯಂಗೆ ಬಿಟ್ಟುಕೊಟ್ಟಿರ್ತೀವಿ. "ಆ ಕಡೆ ಹೋಗ್ಬೇಡ, ಹಾವಿದೆ" ಅಂತ ಮಕ್ಕಳನ್ನು ಗದರಿಸೋದು ಬೇರೆ!

ಹಾವು ಹೆಚ್ಚಾಗಿ ಬರೋದು ಇಲಿ ಹಿಂದೆ. ಹಾಗಾಗಿ ಮೊದಲು ತೆಗೆಯಬೇಕಾದ್ದು ಇಲಿ ಅಡಗುವ ಹಳೇ ಹೆಂಚು, ನೆಲಕ್ಕೆ ತಾಗಿದ ಸೌದೆ ರಾಶಿ. ಬೂಟು ಹಾಕಿಕೊಂಡು, ಉದ್ದ ಕೋಲಿನಿಂದ ಕೆದಕಿ ನೋಡಿ ಆಮೇಲೆ ಕೈ ಹಾಕಿ. ಸೌದೆಯನ್ನು ಕಲ್ಲಿನ ಮೇಲೆ ಅಡಿ ಎತ್ತರಕ್ಕೆ ಒಟ್ಟಿ. ಅಕಸ್ಮಾತ್ ಕಚ್ಚಿದರೆ ಹಗ್ಗ ಬಿಗಿಯೋದು, ಗಾಯ ಕೊಯ್ಯೋದು ಬೇಡ. ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ.

ಪಾರ್ಥೇನಿಯಂ ಕೀಳಲು ಮಳೆ ಬಿದ್ದ ಮಾರನೇ ದಿನ ಒಳ್ಳೇದು. ಹೂ ಬಿಡುವ ಮೊದಲೇ ಬೇರುಸಹಿತ ಬರಬೇಕು. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಇರಲಿ. ತುರಿಕೆ, ಉಬ್ಬಸ ತರುವ ಗಿಡ ಅದು. ಲೀಟರಿಗೆ 200 ಗ್ರಾಂ ಉಪ್ಪು ಕರಗಿಸಿ ಹೊಡೆಯುವ ಉಪಾಯ ಪಾಳು ಜಾಗಕ್ಕೆ ಸರಿ, ಹಿತ್ತಲಿಗೆ ಬೇಡ. ನಾಳೆ ಅಲ್ಲೇ ಸೊಪ್ಪು ಬೆಳೀಬೇಕಲ್ವಾ? ಜೆಸಿಬಿಯನ್ನೂ ಕರೆಸಬೇಡಿ, ಮೇಲ್ಮಣ್ಣೇ ಹೋಗುತ್ತೆ. ಉಳಿದ ಬೀಜ ಮಳೆ ಬಂದಾಗ ಮತ್ತೆ ಹುಟ್ಟುತ್ತೆ, ಆಗಲೂ ಕೀಳಿ.

ಇನ್ನು ಏನು ಎಲ್ಲಿ ಅನ್ನೋದನ್ನ ಅಮ್ಮನ್ನ, ಹೆಂಡತೀನ ಕೇಳಿ. ಬಟ್ಟೆ ಹಗ್ಗಕ್ಕೆ ಬಿಸಿಲು ಎಲ್ಲಿ ಬೇಕು ಅಂತ ಅವರಿಗೇ ಗೊತ್ತು. ಬಚ್ಚಲ ನೀರಿಗೆ ಬಾಳೆ, ಅಡುಗೆಮನೆ ಬಾಗಿಲ ಹತ್ತಿರ ಕರಿಬೇವು, ಬಸಳೆ ಚಪ್ಪರ. ಅದರ ನೆರಳಲ್ಲಿ ಅಜ್ಜಿ ಕೂರೋಕೆ ಒಂದು ಚಪ್ಪಡಿ ಕಲ್ಲು. ನುಗ್ಗೆಯೂ ಇರಲಿ, ಆದರೆ ಜೋಕಾಲಿ ಮಾತ್ರ ಅದಕ್ಕೆ ಕಟ್ಟಬೇಡಿ. ನುಗ್ಗೆ ಕೊಂಬೆ ಪಟ್ಟಂತ ಮುರಿಯುತ್ತೆ. ಹುಣಸೆ ಮರದ ಗಟ್ಟಿ ಕೊಂಬೆ ನೋಡಿ, ಮೊದಲು ನೀವೇ ಕೂತು ಜೀಕಿ.