ತಂಪಿನ ಕಸುಬು: ಶೈತ್ಯೀಕರಣ ಮತ್ತು ಹವಾನಿಯಂತ್ರಣ ಕ್ಷೇತ್ರದಲ್ಲಿ ನೆಲೆಯೂರುವ ಬಗೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ವ್ಯಾಪಾರವು ಬಹುಕಾಲದಿಂದ ಅಡಿಕೆ, ರಬ್ಬರು, ಗೇರುಬೀಜ ಮತ್ತು ಕಾಳುಮೆಣಸನ್ನು ಆಶ್ರಯಿಸಿ ಬೆಳೆದುಬಂದಿದೆ. ಈ ಸರಕುಗಳನ್ನು ಕಾಪಾಡಲು ಒಣಗಿಸುವ ವ್ಯವಸ್ಥೆ ಮತ್ತು ತೇವವಿಲ್ಲದ ಗೋದಾಮು ಸಾಕು. ಆದರೆ ಪೇಟೆಯ ಇಂದಿನ ವಹಿವಾಟಿನಲ್ಲಿ ಹಾಲು, ಐಸ್‌ಕ್ರೀಂ, ಮೀನು, ಬೇಕರಿ ತಿನಿಸು ಹಾಗೂ ಔಷಧಗಳ ಪಾಲೂ ಗಣನೀಯವಾಗಿದೆ. ಇವುಗಳಿಗೆ ಬೇಕಾದುದು ತಂಪು. ಒಂದು ರಾತ್ರಿ ಯಂತ್ರ ನಿಂತರೆ ವರ್ತಕನ ಲಾಭ ಮಾತ್ರವಲ್ಲ, ಅಸಲೂ ಹೋಗುತ್ತದೆ. ಆ ಹೊತ್ತಿನಲ್ಲಿ ಐವತ್ತು ಕಿಲೋಮೀಟರಿಗೂ ದೂರದ ಮಂಗಳೂರಿನಿಂದ ತಂತ್ರಜ್ಞರು ಬರುವವರೆಗೆ ಕಾಯುವುದು ಕಷ್ಟಸಾಧ್ಯ. ಆದ್ದರಿಂದ ಈ ಕಸುಬನ್ನು ಬಲ್ಲವರು ಊರಿನಲ್ಲೇ ಇರಬೇಕಾದುದು ವ್ಯಾಪಾರದ ಅಗತ್ಯವಾಗಿದೆ.

ಕೆಲಸದ ವ್ಯಾಪ್ತಿ

ಹವಾನಿಯಂತ್ರಣವೆಂದರೆ ಮನೆಯ ಎ.ಸಿ. ಮಾತ್ರ ಎಂಬ ಭಾವನೆ ಸರಿಯಲ್ಲ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಕ್ಯಾಂಪ್ಕೋ ಚಾಕಲೇಟು ಕಾರ್ಖಾನೆಯ ಉದಾಹರಣೆಯನ್ನೇ ನೋಡಬಹುದು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಾವಳಿಗೆ ಹತ್ತಿರದ ಸೆಕೆ ಮತ್ತು ತೇವಾಂಶದ ನಡುವೆ ಚಾಕಲೇಟು ತಯಾರಿಸಿ ದಾಸ್ತಾನಿಡಬೇಕಾದರೆ ಉಷ್ಣತೆ ಮತ್ತು ತೇವಾಂಶ ಎರಡನ್ನೂ ಹಿಡಿತದಲ್ಲಿಡಬೇಕಾಗುತ್ತದೆ. ಹಾಲು ಉತ್ಪಾದಕರ ಸಂಘಗಳ ಬಲ್ಕ್ ಮಿಲ್ಕ್ ಕೂಲರ್‌ಗಳು, 2ರಿಂದ 8 ಡಿಗ್ರಿಯೊಳಗೆ ಲಸಿಕೆ ಕಾಪಾಡುವ ಫ್ರಿಜ್‌ಗಳು, ಮೈನಸ್ 18 ಡಿಗ್ರಿಯ ಐಸ್‌ಕ್ರೀಂ ಪೆಟ್ಟಿಗೆಗಳು, ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗಳು, ಕುಕ್ಕೆ ಸುಬ್ರಹ್ಮಣ್ಯದ ವಸತಿಗೃಹಗಳು, ವಾಹನಗಳ ಎ.ಸಿ. ಇವೆಲ್ಲವೂ ಈ ಕಸುಬಿನ ವ್ಯಾಪ್ತಿಗೆ ಸೇರುತ್ತವೆ.

ಲೆಕ್ಕವೇ ಮೊದಲ ಪಾಠ

ಯಂತ್ರವು ತಂಪನ್ನು ಉಂಟುಮಾಡುವುದಿಲ್ಲ. ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಈ ಸಾಗಣೆಯ ಅಳತೆಯೇ 'ಟನ್'. ಒಂದು ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು., ಅಂದರೆ ಸುಮಾರು 3.5 ಕಿಲೋವಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ.

ಒಂದು ಸಂಘಕ್ಕೆ 35 ಡಿಗ್ರಿಯಲ್ಲಿ ಬರುವ 1,000 ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಹಾಲಿನ ತೂಕ ಸುಮಾರು 1,030 ಕಿಲೋಗ್ರಾಂ. ಒಂದು ಕಿಲೋಗ್ರಾಂ ಹಾಲು ಒಂದು ಡಿಗ್ರಿ ತಣಿಯಲು ಸುಮಾರು 3.9 ಕಿಲೋಜೂಲ್ ಶಾಖವನ್ನು ತೆಗೆಯಬೇಕು. 31 ಡಿಗ್ರಿ ಇಳಿಸಲು ಒಟ್ಟು ಸುಮಾರು 1,24,500 ಕಿಲೋಜೂಲ್ ಆಗುತ್ತದೆ. ಇದನ್ನು ಮೂರು ಗಂಟೆಯಲ್ಲಿ ಮುಗಿಸಬೇಕಾದರೆ 11.5 ಕಿಲೋವಾಟ್, ಅಂದರೆ ಸುಮಾರು 3.3 ಟನ್ ಸಾಮರ್ಥ್ಯ ಬೇಕು. ಹೊರಗಿನ ಸೆಕೆಯಿಂದ ಒಳಸೇರುವ ಶಾಖಕ್ಕೆ ಇನ್ನಷ್ಟು ಸೇರಿಸಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬಲ್ಲವನು ತಂತ್ರಜ್ಞ. ಅಂದಾಜಿನಲ್ಲಿ ಯಂತ್ರ ಕೂರಿಸುವವನು ಗಿರಾಕಿಗೆ ನಷ್ಟ ತರುತ್ತಾನೆ.

ಕಲಿಕೆಯ ಹಾದಿ

ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಐ.ಟಿ.ಐ.ಗಳ ಶೈತ್ಯೀಕರಣ ಮತ್ತು ಹವಾನಿಯಂತ್ರಣ ವೃತ್ತಿಯ ಎರಡು ವರ್ಷದ ತರಬೇತಿ ನೇರವಾದ ಹಾದಿ. ಎಲ್ಲ ಐ.ಟಿ.ಐ.ಗಳಲ್ಲಿಯೂ ಈ ವೃತ್ತಿ ಇರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿ ಸೇರಬೇಕು. ಎಲೆಕ್ಟ್ರೀಷಿಯನ್ ವೃತ್ತಿ ಕಲಿತವರಿಗೂ ಈ ಕ್ಷೇತ್ರ ಸುಲಭವಾಗಿ ಒಗ್ಗುತ್ತದೆ. ಯಂತ್ರಗಳಲ್ಲಿ ಕಾಣುವ ದೋಷಗಳಲ್ಲಿ ಅನೇಕವು ಕೆಪಾಸಿಟರ್, ರಿಲೇ, ವೋಲ್ಟೇಜ್ ಮೊದಲಾದ ವಿದ್ಯುತ್ ಸಂಬಂಧಿ ದೋಷಗಳೇ ಆಗಿರುತ್ತವೆ. ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯಡಿ ಕಾರ್ಖಾನೆ ಅಥವಾ ಸೇವಾಕೇಂದ್ರದಲ್ಲಿ ಶಿಶಿಕ್ಷು ತರಬೇತಿ ಪಡೆಯಬಹುದು. ಸಹಾಯಕರಾಗಿ ದುಡಿದು ಕೆಲಸ ಕಲಿತವರು ಪೂರ್ವಕಲಿಕೆಯನ್ನು ಮಾನ್ಯಮಾಡುವ ಕೌಶಲ ಯೋಜನೆಗಳ ಮೂಲಕ ಪ್ರಮಾಣಪತ್ರ ಪಡೆಯುವುದು ಒಳಿತು. ಸ್ವಂತ ಉದ್ಯಮದ ಲೆಕ್ಕಪತ್ರ ಮತ್ತು ವ್ಯವಹಾರಜ್ಞಾನಕ್ಕೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ನೀಡುತ್ತಿರುವ ಉಚಿತ ಸ್ವ-ಉದ್ಯೋಗ ತರಬೇತಿಯು ಹತ್ತಿರದ ಆಸರೆಯಾಗಿದೆ.

ಗ್ಯಾಸ್ ಖಾಲಿಯಾಗುವುದಿಲ್ಲ

ಈ ಕಸುಬಿನ ಹೆಸರು ಉಳಿಯುವುದೂ ಕೆಡುವುದೂ ಒಂದೇ ವಿಷಯದಲ್ಲಿ. ಗ್ಯಾಸ್ ಎಂದು ಕರೆಯಲಾಗುವ ಶೀತಕವು ಇಂಧನದಂತೆ ಉರಿದುಹೋಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ವರ್ಷಾನುಗಟ್ಟಲೆ ಅದೇ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಿ ಹೋಗುವವನಿಗೆ ಅಂದಿನ ಕೂಲಿ ಸಿಗಬಹುದು, ಆದರೆ ಗಿರಾಕಿ ಉಳಿಯುವುದಿಲ್ಲ.

ಕ್ರಮಬದ್ಧ ಕೆಲಸದ ಹಂತಗಳು ಹೀಗಿವೆ. ಉಳಿದ ಶೀತಕವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಂಪಡೆಯಬೇಕು. ಒಣ ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷಿಸಿ ಸೋರಿಕೆಯನ್ನು ಪತ್ತೆಹಚ್ಚಿ ಬೆಸುಗೆ ಹಾಕಬೇಕು. ಈ ಪರೀಕ್ಷೆಗೆ ಆಮ್ಲಜನಕವನ್ನು ಎಂದಿಗೂ ಬಳಸಬಾರದು. ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಅದು ಸ್ಫೋಟಿಸಬಹುದು. ತರುವಾಯ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವವನ್ನು ಸುಮಾರು 500 ಮೈಕ್ರಾನ್ ಮಟ್ಟದವರೆಗೆ ಹೊರತೆಗೆದು, ಯಂತ್ರದ ಮೇಲೆ ನಮೂದಿಸಿದಷ್ಟೇ ಶೀತಕವನ್ನು ತೂಕ ಮಾಡಿ ತುಂಬಬೇಕು.

ಬದಲಾಗುತ್ತಿರುವ ಶೀತಕಗಳು

ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ರೂಪುಗೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು. ಫ್ರಿಜ್‌ಗಳಲ್ಲಿದ್ದ ಆರ್-12 ಬಳಕೆಯಿಂದ ಹಿಂದೆ ಸರಿಯಿತು. ಎ.ಸಿ.ಗಳ ಆರ್-22 ಬಳಸಿ ಹೊಸ ಯಂತ್ರ ತಯಾರಿಸುವ ಅವಕಾಶವೂ 2024ರ ಅಂತ್ಯಕ್ಕೆ ಮುಗಿದಿದೆ. ಈಗಿನ ಎ.ಸಿ.ಗಳಲ್ಲಿ ಆರ್-32, ಕೆಲವುಗಳಲ್ಲಿ ಆರ್-290, ಫ್ರಿಜ್‌ಗಳಲ್ಲಿ ಆರ್-600ಎ ಬಳಕೆಯಾಗುತ್ತಿವೆ. ಇವುಗಳಲ್ಲಿ ಮೊದಲನೆಯದು ಅಲ್ಪ ಪ್ರಮಾಣದಲ್ಲಿ, ಉಳಿದೆರಡು ತೀವ್ರವಾಗಿ ಬೆಂಕಿ ಹತ್ತುವ ಗುಣವುಳ್ಳವು. ಹಳೆಯ ಯಂತ್ರಕ್ಕೆ ಸಿಕ್ಕಿದ ಗ್ಯಾಸ್ ತುಂಬುವ, ಶೀತಕವಿರುವ ಕೊಳವೆಗೆ ಬೆಂಕಿ ಹಿಡಿಯುವ ರೂಢಿ ಇಂದು ಪ್ರಾಣಾಪಾಯಕ್ಕೆ ದಾರಿ. ಹೀಗಾಗಿ ಹಳಬರೂ ಮರುತರಬೇತಿ ಪಡೆಯುವುದು ಅನಿವಾರ್ಯ.

ಹನ್ನೆರಡು ತಿಂಗಳ ದುಡಿಮೆ

ಮಾರ್ಚ್‌ನಿಂದ ಮೇ ವರೆಗೆ ಬಿಡುವಿಲ್ಲದ ಕೆಲಸ, ಜೂನ್‌ನಲ್ಲಿ ಮಳೆ ಹಿಡಿದೊಡನೆ ಖಾಲಿ ಕೈ. ಹೊಸಬರು ಕಸುಬು ಬಿಡಲು ಇದೊಂದು ಮುಖ್ಯ ಕಾರಣ. ಮನೆಯ ಎ.ಸಿ.ಯನ್ನೇ ನಂಬಿದವರಿಗೆ ಈ ಕಷ್ಟ ತಪ್ಪದು. ಹಾಲಿನ ಸಂಘ, ಔಷಧದಂಗಡಿ, ಆಸ್ಪತ್ರೆ, ಬೇಕರಿಗಳ ಯಂತ್ರಗಳಾದರೋ ಮಳೆಗಾಲದಲ್ಲೂ ನಡೆಯುತ್ತಿರುತ್ತವೆ. ಇವುಗಳ ವಾರ್ಷಿಕ ನಿರ್ವಹಣಾ ಒಪ್ಪಂದಗಳನ್ನು ಕೈಯಲ್ಲಿಟ್ಟುಕೊಂಡು, ಎ.ಸಿ.ಯನ್ನು ಬೇಸಿಗೆಯ ಹೆಚ್ಚುವರಿ ಆದಾಯವಾಗಿ ಕಂಡವರು ನೆಲೆಯೂರುತ್ತಾರೆ. ಏಪ್ರಿಲ್‌ನಲ್ಲಿ ನಡೆಯುವ ಪುತ್ತೂರು ಮಹಾಲಿಂಗೇಶ್ವರ ಜಾತ್ರೆಗೆ ಮೊದಲೇ ಐಸ್‌ಕ್ರೀಂ ಮತ್ತು ತಂಪುಪಾನೀಯದ ಅಂಗಡಿಗಳ ಯಂತ್ರ ಪರೀಕ್ಷೆ ಮುಗಿದಿರಬೇಕು. ಮಳೆಗಾಲವು ಕಾಯಿಲ್ ತೊಳೆಯುವುದಕ್ಕೆ, ತುಕ್ಕು ಹಿಡಿದ ಭಾಗ ಬದಲಿಸುವುದಕ್ಕೆ, ಹೊಸತನ್ನು ಕಲಿಯುವುದಕ್ಕೆ ತಕ್ಕ ಕಾಲ.

ಮೊದಲ ಎರಡು ಮೂರು ವರ್ಷ ಅನುಭವಿಯ ಕೈಕೆಳಗೆ ದುಡಿದ ಬಳಿಕವೇ ಸ್ವಂತ ಅಂಗಡಿ ತೆರೆಯುವುದು ಲೇಸು. ವ್ಯಾಕ್ಯೂಮ್ ಪಂಪು, ಗೇಜು, ತೂಕದ ಯಂತ್ರ, ಕ್ಲ್ಯಾಂಪ್ ಮೀಟರುಗಳಿಗೆ ಮೊದಲ ಬಂಡವಾಳ ಹೋಗಬೇಕು. ಬೋರ್ಡು ಮತ್ತು ಅಂಗಡಿಯ ಅಲಂಕಾರ ನಂತರದ್ದು. ಉದ್ಯಮ್ ನೋಂದಣಿ ಮಾಡಿಸಿಕೊಂಡು ಬ್ಯಾಂಕಿನಿಂದ ಮುದ್ರಾ ಸಾಲಕ್ಕೆ ಯತ್ನಿಸಬಹುದು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ.

ವರ್ತಕರ ಪಾತ್ರ

ಒಳ್ಳೆಯ ಕಸುಬುದಾರರು ಊರಿನಲ್ಲಿ ಉಳಿಯುವುದು ವರ್ತಕರ ಕೈಯಲ್ಲೂ ಇದೆ. ಅತಿ ಕಡಿಮೆ ದರ ಹೇಳಿದವನಿಗೇ ಕೆಲಸ ಕೊಟ್ಟರೆ ಸೋರಿಕೆ ಹುಡುಕುವವನು ಪೇಟೆ ಬಿಟ್ಟು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗುತ್ತಾನೆ. ರಿಪೇರಿಗೆ ಬಂದವರಲ್ಲಿ ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಬೇಕು: ಸೋರಿಕೆ ಎಲ್ಲಿತ್ತು? ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡಲಾಯಿತು? ಯಾವ ಶೀತಕವನ್ನು ಎಷ್ಟು ತೂಕ ತುಂಬಲಾಯಿತು? ಈ ಮೂರಕ್ಕೂ ಬಿಲ್ಲಿನ ಮೇಲೆ ಉತ್ತರ ಬರೆದುಕೊಡುವವರಿಗೆ ವರ್ಷದ ಒಪ್ಪಂದ ನೀಡಿ, ಹಣವನ್ನು ಸಕಾಲದಲ್ಲಿ ಪಾವತಿಸಿದರೆ ವರ್ತಕರ ಸರಕೂ ಉಳಿಯುತ್ತದೆ, ಊರಿನ ಯುವಕರಿಗೆ ಊರಿನಲ್ಲೇ ಜೀವನೋಪಾಯವೂ ದೊರೆಯುತ್ತದೆ.