ಭೂಪಟದಲ್ಲಿ ಬರಿದಾಗಿ ಉಳಿದ ಜಾಗ

ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟವನ್ನು ಯಾರೂ ಸಂದೇಹಿಸುವುದಿಲ್ಲ. ಅದು ನದಿಯೊಂದನ್ನು ತೋರಿಸಿದರೆ ಅಲ್ಲಿ ನದಿ ಇರಲೇಬೇಕೆಂಬುದು ಎಲ್ಲರ ನಂಬಿಕೆ. ಆದರೆ ಅಳತೆಯ ಸಾಧನಗಳೂ ಪ್ರಯಾಣದ ಸೌಕರ್ಯಗಳೂ ವಿರಳವಾಗಿದ್ದ ಕಾಲದಲ್ಲಿ ಯೂರೋಪಿನ ಭೂಪಟಕಾರರು ತಾವು ಕಣ್ಣಾರೆ ಕಾಣದ ದೇಶಗಳನ್ನೂ ಚಿತ್ರಿಸಬೇಕಾಗಿತ್ತು. ಅಂಥ ದೂರದೇಶಗಳಲ್ಲಿ ನಮ್ಮ ಭಾರತವೂ ಒಂದಾಗಿತ್ತು.

ಕೇಳಿದ ಮಾತು, ಬರೆದ ಚಿತ್ರ

ಇಂಗ್ಲೆಂಡಿನ ಹೆರೆಫರ್ಡ್ ನಗರದ ಕ್ಯಾಥೆಡ್ರಲಿನಲ್ಲಿ ಸುಮಾರು 1300ರಲ್ಲಿ ರಚಿತವಾದ ಜಗತ್ತಿನ ಭೂಪಟವೊಂದಿದೆ. ಅದನ್ನು ಕರುವಿನ ಒಂದೇ ತೊಗಲಿನ ಮೇಲೆ ಬರೆಯಲಾಗಿದೆ. ಮಧ್ಯದಲ್ಲಿ ಜೆರುಸಲೇಮ್, ಮೇಲ್ಭಾಗದಲ್ಲಿ ಪೂರ್ವದಿಕ್ಕು. ಅದರ ಭಾರತದಲ್ಲಿ ಒಂಟಿಕಾಲಿನ ಮನುಷ್ಯನೊಬ್ಬ ತನ್ನ ಅಗಲವಾದ ಪಾದವನ್ನೇ ಕೊಡೆಯಾಗಿ ಎತ್ತಿಹಿಡಿದಿದ್ದಾನೆ!

ಈತ ಅಲ್ಲಿಗೆ ಬಂದುದು ಹೇಗೆ? ಕ್ರಿ.ಪೂ. 400ರ ಸುಮಾರಿನಲ್ಲಿ ಪರ್ಷಿಯದ ಅರಮನೆಯ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕನು ಭಾರತದ ವಿಷಯವಾಗಿ ತಾನು ಕೇಳಿದ ಅದ್ಭುತಗಳನ್ನು ಬರೆದಿಟ್ಟನು. ಕ್ರಿ.ಶ. 1ನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಅವುಗಳನ್ನು ತನ್ನ ಗ್ರಂಥದಲ್ಲಿ ಸೇರಿಸಿದನು. ಅನಂತರದವರು ಪ್ಲಿನಿಯನ್ನು ಅನುಸರಿಸಿದರು. ಮೂಲವೊಂದೇ, ನಕಲುಗಳು ಹಲವು. ನಕಲು ಹೆಚ್ಚಿದಷ್ಟೂ ನಂಬಿಕೆಯೂ ಹೆಚ್ಚಿತು.

ಹಾಗೆಂದು ಹಳೆಯ ಚಿತ್ರಗಳೆಲ್ಲವೂ ಕಟ್ಟುಕಥೆಗಳಲ್ಲ. 1375ರ ಕಟಲಾನ್ ಭೂಪಟದಲ್ಲಿ ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಚಿನ್ನದ ಗುಂಡನ್ನು ಹಿಡಿದು ಕುಳಿತ ಅರಸನಿದ್ದಾನೆ. ಆತನು 1324ರಲ್ಲಿ ಮೆಕ್ಕಾ ಯಾತ್ರೆ ಕೈಗೊಂಡ ಮಾಲಿಯ ಮಾನ್ಸಾ ಮೂಸಾ. ವ್ಯಾಪಾರಿಗಳು ತಂದ ಸುದ್ದಿಯಲ್ಲಿ ಇಲ್ಲಿ ಸತ್ಯವಿತ್ತು. ನಿಜವಾದ ಅರಸನನ್ನೂ ಒಂಟಿಕಾಲಿನವನನ್ನೂ ಒಂದೇ ಬಗೆಯ ಬಣ್ಣದಲ್ಲಿ ಕಂಡ ಓದುಗನಿಗೆ ಇವೆರಡರ ಅಂತರ ತಿಳಿಯುವಂತಿರಲಿಲ್ಲ. ತೊಡಕು ಇದ್ದುದು ಇಲ್ಲಿಯೇ.

ಬರಿದು ಬಿಡುವ ಧೈರ್ಯ

1749ರಲ್ಲಿ ಪ್ಯಾರಿಸಿನ ಡಾನ್ವಿಲ್ ಆಫ್ರಿಕದ ಹೊಸ ಭೂಪಟವನ್ನು ಪ್ರಕಟಿಸಿದನು. ಆಧಾರ ದೊರೆಯದ ನದಿ, ಪರ್ವತ, ಪಟ್ಟಣಗಳನ್ನು ತೆಗೆದುಹಾಕಿ, ಖಂಡದ ಒಳನಾಡಿನ ಬಹುಭಾಗವನ್ನು ಬರಿದಾಗಿಯೇ ಬಿಟ್ಟನು. ರಶೀತಿಯಿಲ್ಲದ ಖರ್ಚನ್ನು ಲೆಕ್ಕಕ್ಕೆ ಸೇರಿಸದ ಪ್ರಾಮಾಣಿಕತೆ ಇದು.

ಈ ಎಚ್ಚರ ತಪ್ಪಿದರೆ ಆಗುವುದೇನು ಎಂಬುದಕ್ಕೆ ನಿದರ್ಶನವೂ ಇದೆ. ಬಂಗಾಳದ ಸರ್ವೇಯರ್ ಜನರಲ್ ಆಗಿದ್ದ ಜೇಮ್ಸ್ ರೆನೆಲ್ ನಿಪುಣ ಭೂಮಾಪಕ. ಆದರೂ 1798ರಲ್ಲಿ, ಮಂಗೋ ಪಾರ್ಕನ ಪ್ರವಾಸದ ವಿವರಗಳನ್ನು ಆಧರಿಸಿ, ಪಶ್ಚಿಮ ಆಫ್ರಿಕಕ್ಕೆ ಅಡ್ಡಲಾಗಿ ಕಾಂಗ್ ಎಂಬ ಪರ್ವತಶ್ರೇಣಿಯನ್ನೇ ಎಳೆದನು. ಇತರರು ಅದನ್ನು ನಕಲು ಮಾಡಿದರು. 1887ರಿಂದ 1889ರವರೆಗೆ ಆ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿನ ಬಿಂಜೆ ಅಂಥ ಶ್ರೇಣಿಯೇ ಇಲ್ಲವೆಂದು ತೋರಿಸಿದನು. ಇಲ್ಲದ ಪರ್ವತವೊಂದು ಸುಮಾರು 90 ವರ್ಷ ಭೂಪಟಗಳಲ್ಲಿ ನಿಂತಿತ್ತು.

ಬರಿದೆಂದರೆ ನಿರ್ಜನವಲ್ಲ

ಬರಿದು ಜಾಗಕ್ಕೂ ಒಂದು ಅಪಾಯವುಂಟು. ಡಾನ್ವಿಲ್ ಬಿಟ್ಟ ಜಾಗ ಆತನ ತಿಳಿವಿನ ಮಿತಿಯನ್ನು ಸೂಚಿಸುತ್ತಿತ್ತು, ಅಲ್ಲಿ ಜನರಿಲ್ಲವೆಂದಲ್ಲ. ಅಲ್ಲಿ ಊರುಗಳಿದ್ದವು, ಹೊಲಗಳಿದ್ದವು, ಸಂತೆಗಳಿದ್ದವು. ಮುಂದೆ ವಸಾಹತುಗಳನ್ನು ಬಯಸಿದವರು ಅಂಥ ಬರಿದನ್ನು ಒಡೆಯರಿಲ್ಲದ ನೆಲವೆಂದೇ ಎಣಿಸಿದರು. 1884-85ರಲ್ಲಿ ಬರ್ಲಿನ್ನಿನಲ್ಲಿ ಆಫ್ರಿಕದ ಮೇಲಣ ಹಕ್ಕುಗಳ ನಿಯಮಗಳನ್ನು ನಿಶ್ಚಯಿಸಿದ ಸಮ್ಮೇಲನದಲ್ಲಿ ಆಫ್ರಿಕದವರ ಪ್ರತಿನಿಧಿ ಒಬ್ಬನೂ ಇರಲಿಲ್ಲ.

ಆದುದರಿಂದ ಭೂಪಟವನ್ನು ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ಇದನ್ನು ಕಂಡವರಾರು? ಅಳೆದವರಾರು? ಬರೆಯದೆ ಬಿಟ್ಟ ಜಾಗದಲ್ಲಿ ಬಾಳುವವರಾರು? ಒಂದು ಕಾಲದಲ್ಲಿ ಪರರ ಭೂಪಟದಲ್ಲಿ ಒಂಟಿಕಾಲಿನವರಾಗಿ ನಿಂತ ಭಾರತೀಯರಿಗೆ ಈ ಪ್ರಶ್ನೆಗಳ ಬೆಲೆ ಚೆನ್ನಾಗಿ ತಿಳಿದಿರಬೇಕು.