ವಿದ್ಯುನ್ಮಾನ ಬಿಲ್ಲಿಂಗ್ ವ್ಯವಸ್ಥೆ: ಯಂತ್ರಕ್ಕಿಂತ ಮೊದಲು ದಾಸ್ತಾನಿನ ಲೆಕ್ಕ

ಗಣಕಯಂತ್ರ, ಬಾರ್‌ಕೋಡ್ ಸ್ಕ್ಯಾನರ್ ಹಾಗೂ ಬಿಲ್ಲು ಮುದ್ರಿಸುವ ಪ್ರಿಂಟರ್‌ಗಳನ್ನು ಒಳಗೊಂಡ ‘ಪಾಯಿಂಟ್ ಆಫ್ ಸೇಲ್’ ವ್ಯವಸ್ಥೆಯು ಇಂದು ದೊಡ್ಡ ಮಳಿಗೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರಗಳ ಕಿರಾಣಿ ಅಂಗಡಿ, ಔಷಧ ಮಳಿಗೆ, ಬೇಕರಿ ಹಾಗೂ ಜವಳಿ ಅಂಗಡಿಗಳಲ್ಲಿಯೂ ಅದು ಕಾಣಸಿಗುತ್ತದೆ. ಆದರೆ ಯಂತ್ರವನ್ನು ಕೊಂಡು ಕೆಲವೇ ತಿಂಗಳುಗಳಲ್ಲಿ ಅದನ್ನು ಕೇವಲ ಬಿಲ್ಲು ಮುದ್ರಿಸುವ ಸಾಧನವಾಗಿ ಬಳಸುವ ವರ್ತಕರು ಅನೇಕರಿದ್ದಾರೆ. ಗಣಕದಲ್ಲಿ ತೋರುವ ದಾಸ್ತಾನಿಗೂ ಕಪಾಟಿನಲ್ಲಿರುವ ಸರಕಿಗೂ ತಾಳೆಯಾಗದಿರುವುದೇ ಇದಕ್ಕೆ ಮುಖ್ಯ ಕಾರಣ. ಒಮ್ಮೆ ಆ ಅಂಕಿಯ ಮೇಲಿನ ನಂಬಿಕೆ ಹೋಯಿತೆಂದರೆ ಖರೀದಿಯ ನಿರ್ಧಾರವು ಮತ್ತೆ ಅಂದಾಜಿಗೇ ಮರಳುತ್ತದೆ. ಯಂತ್ರಕ್ಕೆ ಹಾಕಿದ ಹಣ ವ್ಯರ್ಥವಾಗುತ್ತದೆ.

ವ್ಯವಸ್ಥೆಯ ಉದ್ದೇಶ

ಅಮೆರಿಕದ ಡೇಟನ್ ನಗರದಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ 1879ರಲ್ಲಿ ನಗದು ನೋಂದಣಿ ಯಂತ್ರಕ್ಕೆ ಪೇಟೆಂಟ್ ಪಡೆದನು. ನೌಕರರ ಕೈಯಲ್ಲಿ ಹಣ ಸೋರಿಹೋಗದಂತೆ ತಡೆಯುವುದು ಅವನ ಗುರಿಯಾಗಿತ್ತು. ಆ ಯಂತ್ರಕ್ಕೆ ಹಣದ ಮೊತ್ತ ತಿಳಿಯುತ್ತಿತ್ತೇ ಹೊರತು ಯಾವ ಸರಕು ಹೋಯಿತೆಂಬುದು ತಿಳಿಯುತ್ತಿರಲಿಲ್ಲ. 1974ರ ಜೂನ್ 26ರಂದು ಅಮೆರಿಕದ ಟ್ರಾಯ್ ಪಟ್ಟಣದ ಮಳಿಗೆಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಯಂತ್ರವು ಓದಿದ ಮೇಲೆ, ಹಣ ಮತ್ತು ಸರಕು ಎರಡರ ಲೆಕ್ಕವನ್ನೂ ಒಂದೇ ಕ್ಷಣದಲ್ಲಿ ಇಡುವುದು ಸಾಧ್ಯವಾಯಿತು.

ಬಾರ್‌ಕೋಡ್ ಎಂಬುದು ಕೇವಲ ಒಂದು ಸಂಖ್ಯೆ ಎಂಬುದನ್ನು ಇಲ್ಲಿ ಗಮನಿಸಬೇಕು. ಪೊಟ್ಟಣದ ಮೇಲಿನ 13 ಅಂಕಿಗಳ ಸಂಖ್ಯೆಯಲ್ಲಿ ಬೆಲೆಯಾಗಲಿ ತೆರಿಗೆ ದರವಾಗಲಿ ಅಡಗಿರುವುದಿಲ್ಲ. ಇವೆಲ್ಲವೂ ವರ್ತಕನು ಗಣಕಕ್ಕೆ ತುಂಬಿಸಿದ ಪಟ್ಟಿಯಿಂದಲೇ ಬರುತ್ತವೆ. ಪಟ್ಟಿ ತಪ್ಪಾಗಿದ್ದರೆ ಪ್ರತಿಯೊಂದು ಬಿಲ್ಲೂ ತಪ್ಪಾಗಿಯೇ ಮುದ್ರಿತವಾಗುತ್ತದೆ.

ವ್ಯತ್ಯಾಸದ ಬೆಲೆ

ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸೋಣ. ಅಂಗಡಿಯೊಂದರ ತಿಂಗಳ ಮಾರಾಟ 6,00,000 ರೂಪಾಯಿ. ಮಾರಾಟದ ಮೇಲಿನ ಒಟ್ಟು ಲಾಭ ಶೇ. 10, ಅಂದರೆ 60,000 ರೂಪಾಯಿ. ಮಾರಾಟವಾದ ಸರಕಿನ ಅಸಲು 5,40,000 ರೂಪಾಯಿ. ಪ್ರಾರಂಭಿಕ ದಾಸ್ತಾನು 8,00,000 ಹಾಗೂ ಖರೀದಿ 5,50,000 ರೂಪಾಯಿ ಇದ್ದಲ್ಲಿ, ತಿಂಗಳ ಕೊನೆಯಲ್ಲಿ 8,10,000 ರೂಪಾಯಿಯ ಸರಕು ಇರಬೇಕು. ಎಣಿಸಿದಾಗ 7,98,000 ರೂಪಾಯಿಯದು ಮಾತ್ರ ದೊರೆಯಿತೆಂದುಕೊಳ್ಳೋಣ. ಕೊರತೆ 12,000 ರೂಪಾಯಿ. ಇದು ಒಟ್ಟು ಲಾಭದ ಐದನೆಯ ಒಂದು ಭಾಗ. ಶೇ. 10ರ ಲಾಭದಲ್ಲಿ ಇದನ್ನು ತುಂಬಿಕೊಳ್ಳಲು ಇನ್ನೂ 1,20,000 ರೂಪಾಯಿಯ ಮಾರಾಟ ಬೇಕು. ಎಣಿಕೆ ಮಾಡದ ಅಂಗಡಿಯಲ್ಲಿ ಈ ನಷ್ಟವು ಕಣ್ಣಿಗೇ ಬೀಳುವುದಿಲ್ಲ.

ಈ ಕೊರತೆಗೆ ತೆರಿಗೆಯ ಹೊರೆಯೂ ಸೇರುತ್ತದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ ಪ್ರಕರಣ 17(5)ರಂತೆ, ಕಳೆದುಹೋದ, ಕಳುವಾದ, ನಾಶವಾದ ಅಥವಾ ಉಡುಗೊರೆ ಹಾಗೂ ಉಚಿತ ಮಾದರಿಯಾಗಿ ನೀಡಿದ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಮೇಲಿನ ಕೊರತೆಯು ಶೇ. 18ರ ದರದ ಸರಕಿನದಾಗಿದ್ದರೆ 2,160 ರೂಪಾಯಿಯ ಜಮೆಯನ್ನು ಹಿಂತಿರುಗಿಸಬೇಕು. ಲೆಕ್ಕ ತೋರಿಸಲಾಗದ ಸರಕನ್ನು ಪೂರೈಕೆ ಮಾಡಲಾಗಿದೆ ಎಂದೇ ಭಾವಿಸಿ ತೆರಿಗೆ ನಿರ್ಧರಿಸಲು ಪ್ರಕರಣ 35(6) ಅವಕಾಶ ನೀಡುತ್ತದೆ. ರಾಜಿ ತೆರಿಗೆ ಯೋಜನೆಯಲ್ಲಿರುವವರನ್ನು ಬಿಟ್ಟು ಉಳಿದ ನೋಂದಾಯಿತ ವರ್ತಕರು ಪ್ರಾರಂಭಿಕ ದಾಸ್ತಾನು, ಆವಕ, ಜಾವಕ, ನಷ್ಟ ಹಾಗೂ ಉಳಿಕೆಯ ಲೆಕ್ಕವನ್ನು ಇಡಬೇಕೆಂದು ನಿಯಮ 56 ವಿಧಿಸುತ್ತದೆ.

ಸರಕುಗಳ ಪಟ್ಟಿ

ವ್ಯವಸ್ಥೆಯ ತಳಹದಿಯು ಸರಕುಗಳ ಪಟ್ಟಿಯೇ. ಪ್ರತಿ ಸರಕಿಗೂ ಒಂದೇ ಹೆಸರು, ಅಳತೆಯ ಘಟಕ, ಎಚ್‌.ಎಸ್‌.ಎನ್. ಸಂಕೇತ, ತೆರಿಗೆ ದರ, ಖರೀದಿ ಬೆಲೆ ಹಾಗೂ ಗರಿಷ್ಠ ಚಿಲ್ಲರೆ ಬೆಲೆ ನಮೂದಾಗಿರಬೇಕು. ಒಂದೇ ಸಾಬೂನನ್ನು ಮೂರು ಹೆಸರುಗಳಲ್ಲಿ ದಾಖಲಿಸಿದರೆ ದಾಸ್ತಾನು ಮೂರು ಪಾಲಾಗುತ್ತದೆ. ಪೆಟ್ಟಿಗೆಯ ಲೆಕ್ಕದಲ್ಲಿ ಕೊಂಡು ಬಿಡಿಯಾಗಿ ಮಾರುವ ಸರಕಿಗೆ, ಒಂದು ಪೆಟ್ಟಿಗೆಯಲ್ಲಿ ಎಷ್ಟು ಬಿಡಿ ಎಂಬುದನ್ನು ಮೊದಲೇ ನಿಗದಿಪಡಿಸಬೇಕು. ಹಳೆಯ ಹಾಗೂ ಹೊಸ ಗರಿಷ್ಠ ಬೆಲೆಯ ಒಂದೇ ಸರಕು ಏಕಕಾಲದಲ್ಲಿ ಕಪಾಟಿನಲ್ಲಿದ್ದಲ್ಲಿ, ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವ ಸೌಲಭ್ಯ ತಂತ್ರಾಂಶದಲ್ಲಿರಬೇಕು.

2025ರಲ್ಲಿ ನಡೆದ ಎರಡು ಸಂಗತಿಗಳು ಈ ಪಟ್ಟಿಯ ಮಹತ್ವವನ್ನು ತೋರಿಸಿಕೊಟ್ಟವು. ಜುಲೈ ತಿಂಗಳಿನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಸಂದಾಯವಾದ ಹಣದ ಮಾಹಿತಿಯನ್ನು ಆಧರಿಸಿ ಸಣ್ಣ ವರ್ತಕರಿಗೆ ನೋಟಿಸುಗಳನ್ನು ನೀಡಿತು. ಹಾಲು, ತಾಜಾ ತರಕಾರಿ, ಹಣ್ಣುಗಳಂತಹ ವಿನಾಯಿತಿ ಪಡೆದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ತೆರಿಗೆಯುಳ್ಳ ಸರಕನ್ನೂ ಜೊತೆಗೆ ಮಾರಿದರೆ, ನೋಂದಣಿಯ ಮಿತಿಯನ್ನು ಲೆಕ್ಕಹಾಕುವಾಗ ಎರಡೂ ಸೇರುತ್ತವೆ. ತೆರಿಗೆ ಮಾತ್ರ ತೆರಿಗೆಯುಳ್ಳ ಭಾಗಕ್ಕಷ್ಟೇ. ಬ್ಯಾಂಕಿಗೆ ಬಂದ ಹಣವು ಯಾವ ಸರಕಿನದೆಂದು ತಾನಾಗಿ ಹೇಳುವುದಿಲ್ಲ; ಸರಕುವಾರು ಬಿಲ್ಲು ಮಾತ್ರವೇ ಅದನ್ನು ಹೇಳಬಲ್ಲದು.

ಸೆಪ್ಟೆಂಬರ್ 22ರಿಂದ ತೆರಿಗೆ ದರಗಳು ಬದಲಾದವು. ಸಾಬೂನು, ಟೂತ್‌ಪೇಸ್ಟ್, ಬಿಸ್ಕತ್ತುಗಳು ಶೇ. 18ರಿಂದ ಶೇ. 5ಕ್ಕೆ ಇಳಿದವು. ಸರಿಯಾದ ಸಂಕೇತಗಳೊಡನೆ ಪಟ್ಟಿ ಇಟ್ಟುಕೊಂಡವರು ಇಂತಹ ಬದಲಾವಣೆಯನ್ನು ಸರಕಿನ ಗುಂಪುಗಳ ಮಟ್ಟದಲ್ಲಿಯೇ ಮಾಡಿ ಮುಗಿಸಬಹುದು. ಹಾಗಿಲ್ಲದವರು ಸಾವಿರಾರು ಸರಕುಗಳನ್ನು ಒಂದೊಂದಾಗಿ ತಿದ್ದಬೇಕಾಗುತ್ತದೆ.

ಅಳವಡಿಕೆಯ ಹಂತಗಳು

1. ಆರಂಭಕ್ಕೆ ಏಪ್ರಿಲ್ 1 ಅತ್ಯಂತ ಸೂಕ್ತ ದಿನ. ವರ್ಷಾಂತ್ಯದ ದಾಸ್ತಾನು ಹೇಗೂ ಬೇಕು. ಬಿಲ್ಲಿನ ಹೊಸ ಕ್ರಮಸಂಖ್ಯೆಯೂ ಅಂದೇ ಆರಂಭವಾಗುತ್ತದೆ.

2. ಮಾರ್ಚ್ 31ರ ರಾತ್ರಿ ವಹಿವಾಟು ಮುಗಿದ ಮೇಲೆ ಇಬ್ಬಿಬ್ಬರ ತಂಡಗಳಲ್ಲಿ ಎಣಿಕೆ ನಡೆಸಬೇಕು. ಒಬ್ಬರು ಎಣಿಸಬೇಕು, ಇನ್ನೊಬ್ಬರು ಬರೆಯಬೇಕು. ಕೆಟ್ಟ, ಅವಧಿ ಮೀರಿದ ಹಾಗೂ ಕಂಪನಿಗೆ ಹಿಂತಿರುಗಿಸಬೇಕಾದ ಸರಕನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಬೇಕು.

3. ದಾಖಲೆಯಿಲ್ಲದೆ ಯಾವ ಸರಕೂ ಹೊರಹೋಗಬಾರದು. ಈ ನಿಯಮವನ್ನು ಮೊದಲು ಮುರಿಯುವವರು ಬಹುಮಟ್ಟಿಗೆ ಮಾಲೀಕರ ಮನೆಯವರೇ. ಮನೆಗೆ ಒಯ್ದ ಸಕ್ಕರೆ, ಪರಿಚಿತರಿಗೆ ಕೊಟ್ಟ ಉಡುಗೊರೆ, ಉದ್ರಿ ಮಾರಾಟ ಎಲ್ಲವೂ ತಮ್ಮ ತಮ್ಮ ಶೀರ್ಷಿಕೆಯಡಿ ದಾಖಲಾಗಬೇಕು. 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ, ನೋಂದಾಯಿತನಲ್ಲದ ಗಿರಾಕಿ ಬಿಲ್ಲು ಕೇಳದಿದ್ದರೆ, ದಿನದ ಕೊನೆಯಲ್ಲಿ ಒಂದೇ ಒಟ್ಟು ಬಿಲ್ಲು ಮಾಡಲು ಕಾನೂನು ಅನುಮತಿಸುತ್ತದೆ. ದಾಸ್ತಾನಿನ ದೃಷ್ಟಿಯಿಂದ ಮಾತ್ರ ಪ್ರತಿ ಮಾರಾಟವೂ ಗಣಕಕ್ಕೆ ಸೇರಲೇಬೇಕು.

4. ಪ್ರತಿ ಸಂಜೆ ನಗದು, ಯುಪಿಐ, ಕಾರ್ಡ್ ಹಾಗೂ ಉದ್ರಿ ಈ ನಾಲ್ಕರ ಮೊತ್ತವನ್ನು ದಿನದ ಮಾರಾಟದೊಡನೆ ತಾಳೆ ನೋಡಬೇಕು.

5. ವಾರಕ್ಕೊಮ್ಮೆ ಇಪ್ಪತ್ತು ಸರಕುಗಳನ್ನು ಆರಿಸಿ, ಗಣಕದ ಅಂಕಿಯನ್ನು ಎಣಿಸುವವರಿಗೆ ತೋರಿಸದೆ ಎಣಿಸಬೇಕು. ವ್ಯತ್ಯಾಸ ಕಂಡಲ್ಲಿ ಅಂಕಿಯನ್ನು ತಿದ್ದುವ ಮೊದಲು ಕಾರಣವನ್ನು ಹುಡುಕಬೇಕು.

6. ಪ್ರತಿ ನೌಕರನಿಗೂ ಪ್ರತ್ಯೇಕ ಪಾಸ್‌ವರ್ಡ್ ಇರಬೇಕು. ಬಿಲ್ಲು ರದ್ದು ಹಾಗೂ ಸರಕು ವಾಪಸಾತಿಯ ಅಧಿಕಾರ ಮಾಲೀಕರ ಬಳಿಯೇ ಇರಲಿ.

7. ವಿದ್ಯುತ್ ಹೋದಾಗ ಬಳಸಲು ಪ್ರತ್ಯೇಕ ಕ್ರಮಸಂಖ್ಯೆಯ ಕೈಬಿಲ್ಲು ಪುಸ್ತಕವೊಂದನ್ನು ಇಟ್ಟುಕೊಳ್ಳಬೇಕು. ಕಾನೂನು ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಒಪ್ಪುತ್ತದೆ. ಆ ಬಿಲ್ಲುಗಳನ್ನು ಅದೇ ದಿನ ಅದೇ ಸಂಖ್ಯೆಯಲ್ಲಿ ಗಣಕಕ್ಕೆ ಸೇರಿಸಬೇಕು.

ಸಣ್ಣ ತಯಾರಕರಿಗೆ

ಕಾರ್ಖಾನೆಯ ಬಾಗಿಲಲ್ಲಿಯೇ ಮಾರಾಟ ನಡೆಸುವ ಅಗರಬತ್ತಿ, ತಿಂಡಿತಿನಿಸು ಅಥವಾ ಉಡುಪು ತಯಾರಕರಿಗೆ ಇನ್ನೊಂದು ಹಂತವಿದೆ. ಕಚ್ಚಾ ಸಾಮಗ್ರಿಯು ಸಿದ್ಧವಸ್ತುವಾಗಿ ಮಾರಾಟದ ದಾಸ್ತಾನಿಗೆ ಸೇರುವುದನ್ನು ಪ್ರತಿದಿನವೂ ದಾಖಲಿಸಬೇಕು. ಇಲ್ಲವಾದರೆ ಗಣಕವು ಋಣ ದಾಸ್ತಾನನ್ನು ತೋರಿಸುತ್ತದೆ. ಸ್ವಂತ ಅಂಗಡಿಗೆ ತಾವೇ ರಚಿಸಿದ ಸಂಕೇತ ಸಾಕು. ಇತರ ಮಳಿಗೆಗಳಿಗೆ ಸರಕು ಪೂರೈಸುವವರು ಜಿಎಸ್‌1 ಇಂಡಿಯಾ ಸಂಸ್ಥೆಯಿಂದ 890ರಿಂದ ಆರಂಭವಾಗುವ ಸಂಖ್ಯೆಯನ್ನು ಪಡೆಯುವುದು ಒಳ್ಳೆಯದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ತಿದ್ದಿದ ಹಾಗೂ ಅಳಿಸಿದ ಪ್ರತಿ ನಮೂದಿನ ದಾಖಲೆಯು ತಂತ್ರಾಂಶದಲ್ಲಿ ಉಳಿಯುತ್ತದೆಯೇ? ನಿಯಮ 56 ಇದನ್ನು ಕಡ್ಡಾಯಗೊಳಿಸಿದೆ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಂಪನಿ ಕಾನೂನಿನಲ್ಲಿಯೂ ಇಂತಹ ನಿಯಮವಿದೆ. ಪ್ರತಿದಿನದ ಬ್ಯಾಕಪ್ ಎಲ್ಲಿ ಉಳಿಯುತ್ತದೆ? ತಂತ್ರಾಂಶವನ್ನು ಬದಲಾಯಿಸಿದರೆ ಹಳೆಯ ಮಾಹಿತಿ ಕೈಗೆ ಸಿಗುತ್ತದೆಯೇ? ವಾರ್ಷಿಕ ವಿವರಣಾ ಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಕಾಯ್ದಿಡಬೇಕಾಗಿರುವುದರಿಂದ ಈ ಪ್ರಶ್ನೆಗೆ ಲಿಖಿತ ಉತ್ತರವನ್ನೇ ಪಡೆಯಬೇಕು. ಥರ್ಮಲ್ ಕಾಗದದ ಮೇಲಿನ ಅಕ್ಷರಗಳು ಕಾಲಕ್ರಮೇಣ ಮಾಸುವುದರಿಂದ ಆ ಪ್ರತಿಯನ್ನೇ ನೆಚ್ಚಿಕೊಳ್ಳುವಂತಿಲ್ಲ.

ಯಂತ್ರದ ಬೆಲೆ, ಕಂತು ಹಾಗೂ ವಾರ್ಷಿಕ ಶುಲ್ಕಗಳ ಚೌಕಾಸಿಗೆ ವರ್ತಕರು ನೀಡುವಷ್ಟೇ ಸಮಯವನ್ನು ಮೊದಲ ಎಣಿಕೆಗೂ ಸರಕುಗಳ ಪಟ್ಟಿಗೂ ನೀಡುವುದು ಅಗತ್ಯ. ಮೊದಲ ಮೂರು ತಿಂಗಳು ವಾರದ ಎಣಿಕೆಯನ್ನು ತಪ್ಪಿಸದೆ ನಡೆಸಿದರೆ ಸರಕು ಎಲ್ಲಿ ಸೋರುತ್ತಿದೆ ಎಂಬುದು ತಿಳಿದುಬರುತ್ತದೆ. ಆ ಬಳಿಕವೇ ಗಣಕದ ಅಂಕಿಯನ್ನು ನಂಬಿ ಖರೀದಿಯ ಆರ್ಡರ್ ನೀಡುವುದು ಸೂಕ್ತ.